ಅಮ್ಮಾಜಮ್ಮನ ದನಿ

ಎಡಿನ್‌ಬರೋ
14 ಜನವರಿ 2024

ಪ್ರೀತಿಯ ಅಮ್ಮಾಜಮ್ಮ ಮಿಸ್ಸಿಗೆ ಮಹತಿಯ ನಮಸ್ಕಾರಗಳು.

ಫೋನ್ ಮಾಡದೆ ಕಾಗದ ಬರೆದಿದ್ದಾಳಲ್ಲ ಎಂದು ನಿಮಗೆ ಆಶ್ಚರ್ಯವಾಗಬಹುದು. ಫೋನಿನಲ್ಲಿ ಕೇಳಿದರೆ ಅನಂತರಾಮಯ್ಯ ಮೇಷ್ಟ್ರ ಮೊಮ್ಮಗಳು ಎಂಬ ದಾಕ್ಷಿಣ್ಯಕ್ಕೆ ನೀವು ತಕ್ಷಣ ಹೂಂ ಎಂದುಬಿಡುತ್ತೀರಿ. ನಾನು ಕೇಳುತ್ತಿರುವುದಕ್ಕೆ ಹಾಗೆ ಹೂಂ ಎನ್ನಬಾರದು. ನಿಧಾನವಾಗಿ ಓದಿ, ಸೊಸೆ ಯಾಮಿನಿಯ ಜೊತೆ ಮಾತಾಡಿ, ಆಮೇಲೆ ಹೇಳಿ.

ನನಗೆ ನಿಮ್ಮ ದನಿ ಬೇಕು.

ನಾನು ಇಲ್ಲಿ ಕೆಲಸ ಮಾಡುವ ಕಂಪನಿ ಯಂತ್ರಗಳಿಗೆ ಮಾತು ಕಲಿಸುತ್ತದೆ. ಈಗ ಹಲವು ದೇಶಗಳಲ್ಲಿ ಆರೋಗ್ಯದ ಸಹಾಯವಾಣಿ ಶುರುಮಾಡುತ್ತಿದ್ದೇವೆ. ಡಾಕ್ಟರು ದೂರವಿರುವ ಊರಿನ ಬಸುರಿಯೊಬ್ಬಳು ಫೋನ್ ಮಾಡಿ ತನ್ನ ಮಾತಿನಲ್ಲಿ ಕೇಳಿದರೆ, ಯಂತ್ರ ಅವಳ ಮಾತಿನಲ್ಲೇ ಉತ್ತರ ಹೇಳಬೇಕು. ಕನ್ನಡಕ್ಕೆ ಸಿಕ್ಕಿರುವ ದನಿಯೋ ವಾರ್ತೆ ಓದುವವರ ದನಿ. ಅದನ್ನು ಕೇಳಿಸಿಕೊಂಡು ನಮ್ಮ ಕಡೆಯ ಹೆಂಗಸರು ಯಾರೋ ಆಫೀಸರು ಗದರಿಸುತ್ತಿದ್ದಾರೆ ಎಂದುಕೊಂಡು ಫೋನ್ ಇಟ್ಟುಬಿಡುತ್ತಾರೆ.

ನನಗೆ ನಿಮ್ಮ ನೆನಪಾಯಿತು. ಮಂಚೇನಹಳ್ಳಿಯ ಅಂಗನವಾಡಿಯಲ್ಲಿ ನೀವು ಬೆಳೆಸಿದ ಮಕ್ಕಳಿಗೆ ಈಗ ಮಕ್ಕಳಾಗಿವೆ. ನೀವು ಚುಚ್ಚುಮದ್ದು ಹಾಕಿಸು ಎಂದರೆ ಹಾಕಿಸುತ್ತಿದ್ದರು, ಆಸ್ಪತ್ರೆಗೆ ಹೋಗು ಎಂದರೆ ಹೋಗುತ್ತಿದ್ದರು. ಚಿಕ್ಕಬಳ್ಳಾಪುರದಲ್ಲಿ ಒಂದು ಕೋಣೆ ಮಾಡಿದ್ದಾರೆ. ನೀವು ಅಲ್ಲಿಗೆ ಹೋಗಿ ಕೆಲವು ವಾರ ಓದಬೇಕು, ಮಾತಾಡಬೇಕು. ಆಮೇಲೆ ನೀವು ಆಡದ ಮಾತನ್ನೂ ಯಂತ್ರ ನಿಮ್ಮ ದನಿಯಲ್ಲೇ ಆಡಬಲ್ಲದು. ಇದು ಸಣ್ಣ ಸಂಗತಿಯಲ್ಲ. ಬೇಡ ಅನಿಸಿದರೆ ಬೇಡ ಎಂದೇ ಬರೆಯಿರಿ, ನನಗೆ ಬೇಜಾರಿಲ್ಲ.

ನಿಮ್ಮ
ಮಹತಿ


ಮಂಚೇನಹಳ್ಳಿ
11 ಮಾರ್ಚ್ 2024

ಚಿ. ಮಹತಿಗೆ ಅಮ್ಮಾಜಮ್ಮ ಮಾಡುವ ಆಶೀರ್ವಾದಗಳು.

ನಾವೆಲ್ಲ ಕ್ಷೇಮ. ನಿನ್ನ ಕಾಗದವನ್ನು ಯಾಮಿನಿ ಓದಿದಳು, ನಾನೂ ಓದಿದೆ. ಯೋಚಿಸಿ ಒಪ್ಪಿಕೊಂಡೆ, ಹೂಂ ಎಂದು ನಿನಗೆ ಬರೆಯುವ ಮೊದಲೇ ಕೆಲಸ ಶುರುವಾಗಿಹೋಗಿದೆ ಕಣಮ್ಮ. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಚಿಕ್ಕಬಳ್ಳಾಪುರಕ್ಕೆ ಹೋಗಿ ಬರುತ್ತಿದ್ದೇನೆ. ಅವರ ಕೋಣೆಗೆ ಕಿಟಕಿಯೇ ಇಲ್ಲ, ಗೋಡೆಗೆಲ್ಲ ಹಾಸಿಗೆಯಂಥದ್ದನ್ನು ಅಂಟಿಸಿದ್ದಾರೆ. ಫ್ಯಾನ್ ಹಾಕಿದರೆ ಸದ್ದು ಬರುತ್ತದೆ ಎಂದು ಅದನ್ನೂ ಆರಿಸುತ್ತಾರೆ. ಬೆವರು ಒರೆಸಿಕೊಳ್ಳುತ್ತಾ, ಮಗುವಿಗೆ ಭೇದಿಯಾದರೆ ಏನು ಕುಡಿಸಬೇಕು ಎಂದು ಗೋಡೆಗೆ ಹೇಳುತ್ತೇನೆ.

ಅಲ್ಲಿನ ಹುಡುಗ ಒಳ್ಳೆಯವನು. ಆದರೆ ನಾನು “ಏನಮ್ಮಾ, ಕಾಲು ನೊಪ್ಪಿಯಾ?” ಎಂದ ಕೂಡಲೇ ನಿಲ್ಲಿಸಿ, ತೆಲುಗು ಬೇಡ ಅಮ್ಮ, ಮತ್ತೆ ಹೇಳಿ ಎಂದ. ನಾನು, ನೋವು ಅಂದರೂ ನೊಪ್ಪಿ ಅಂದರೂ ನಮ್ಮವರಿಗೆ ಒಂದೇ ಕಾಲಪ್ಪ, ಅದನ್ನು ತೆಗೆದರೆ ಈ ದನಿ ನನ್ನದಲ್ಲ ಎಂದೆ. ಯಾರಿಗೋ ಫೋನ್ ಮಾಡಿ ಕೇಳಿದ. ನಿನಗೇ ಇರಬೇಕು. ಆಮೇಲೆ ಸುಮ್ಮನಾದ.

ಒಂದು ಮಾತು ಕೇಳಬೇಕಿತ್ತು. ನಾನು ಇಲ್ಲಿ ಅಕ್ಕಿ ಆರಿಸುತ್ತಾ ಕೂತಿರುವಾಗ ನನ್ನ ದನಿ ಇನ್ನೆಲ್ಲೋ ಇನ್ಯಾರ ಹತ್ತಿರವೋ ಮಾತಾಡುತ್ತಿರುತ್ತದಲ್ಲ, ಅದು ಏನು ಹೇಳುತ್ತಿದೆ ಎಂದು ನನಗೆ ಗೊತ್ತಾಗುವುದು ಹೇಗೆ?

ನಿಮ್ಮ ಅಪ್ಪ ಅಮ್ಮ ಮೊನ್ನೆ ವಿದುರಾಶ್ವತ್ಥಕ್ಕೆ ಬಂದಾಗ ಸಿಕ್ಕಿದ್ದರು. ಚೆನ್ನಾಗಿದ್ದಾರೆ.

ಅಮ್ಮಾಜಮ್ಮ


ಎಡಿನ್‌ಬರೋ
2 ಜೂನ್ 2024

ಪ್ರೀತಿಯ ಮಿಸ್,

ಹುಟ್ಟಿತು! ನಿಮ್ಮ ದನಿ ಮಾತಾಡುತ್ತಿದೆ. ನಿನ್ನೆ ಆಫೀಸಿನಲ್ಲಿ ಎಲ್ಲರಿಗೂ ಕೇಳಿಸಿದೆವು. ಕನ್ನಡದ ಒಂದಕ್ಷರ ಬಾರದ ಐರ್ಲೆಂಡಿನ ನನ್ನ ಗೆಳೆಯನೊಬ್ಬ, ಈಕೆ ಏನು ಹೇಳಿದರೂ ನಾನು ನಂಬುತ್ತೇನೆ ಎಂದ. ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತೇ? ನೊಪ್ಪಿಯನ್ನು ಉಳಿಸಿಕೊಂಡಿದ್ದೇವೆ.

ನೀವು ಕೇಳಿದ್ದಿರಿ, ದನಿ ಏನು ಹೇಳುತ್ತಿದೆ ಎಂದು ಹೇಗೆ ಗೊತ್ತಾಗುತ್ತದೆ ಎಂದು. ಅದರ ಚಿಂತೆ ಬಿಡಿ. ಆರೋಗ್ಯದ ಮಾತು ಬಿಟ್ಟು ಅದು ಬೇರೇನೂ ಆಡುವುದಿಲ್ಲ. ನಾನಿದ್ದೇನಲ್ಲ.

ಇಲ್ಲಿ ಕೆಲಸ ತುಂಬ. ಕಂಪನಿಗೆ ಹೊಸ ಪಾಲುದಾರರು ಬಂದಿದ್ದಾರೆ, ಹೊಸ ಹೊಸ ವಿಭಾಗಗಳು ಶುರುವಾಗಿವೆ. ಬಿಡುವಾದಾಗ ಉದ್ದಕ್ಕೆ ಬರೆಯುತ್ತೇನೆ.

ಮಹತಿ


ಮಂಚೇನಹಳ್ಳಿ
19 ಸೆಪ್ಟೆಂಬರ್ 2024

ಚಿ. ಮಹತಿಗೆ ಆಶೀರ್ವಾದಗಳು.

ನಮ್ಮ ಎದುರುಮನೆಯ ವೆಂಕಟರಾಮಪ್ಪಣ್ಣ ನಿನಗೆ ನೆನಪಿರಬೇಕು. ಚಿಕ್ಕವಳಿದ್ದಾಗ ನಿನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಮುಸುಕಿನ ಜೋಳದ ಹೊಲಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅವರಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ದಿನಾ ಮಾತ್ರೆ ನುಂಗಿ, ಹೊಲ ಮನೆ ನೋಡಿಕೊಂಡು ಗಟ್ಟಿಯಾಗೇ ಇದ್ದರು.

ಮಳೆಗಾಲ ಶುರುವಾದ ಮೇಲೆ ಅವರಿಗೆ ಒಂದು ಫೋನ್ ಬಂತಂತೆ. “ಅಣ್ಣಾ, ಆ ಸಕ್ಕರೆ ಮಾತ್ರೆ ಇನ್ನೂ ಎಷ್ಟು ದಿನ ನುಂಗ್ತೀಯಾ? ಈ ಪುಡಿ ತರಿಸ್ಕೋ, ಮಾತ್ರೆ ಬಿಟ್ಬಿಡು. ನಾನು ಹೇಳ್ತಿದೀನಲ್ಲ.” ಅವರು ಪುಡಿ ತರಿಸಿಕೊಂಡರು, ಮಾತ್ರೆ ಬಿಟ್ಟರು. ಕಾಲಿನಲ್ಲಿ ಗಾಯವಾಗಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಹೊಲದಲ್ಲಿ ಬಿದ್ದಿದ್ದವರನ್ನು ಎತ್ತಿಕೊಂಡು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಹೋದರು. ಜೀವ ಉಳಿಯಿತು. ಬಲಗಾಲಿನ ಹೆಬ್ಬೆರಳನ್ನು ತೆಗೆದರು.

ಅವರ ಹೆಂಡತಿ ಚಿಕ್ಕವೆಂಕಟಮ್ಮ ಆಸ್ಪತ್ರೆಯಿಂದ ಬಂದವಳೇ ನಮ್ಮ ಬಾಗಿಲಲ್ಲಿ ನಿಂತಳು. ಜಗಳ ಆಡಲಿಲ್ಲ. “ನಿನ್ನ ಮಾತು ಕೇಳ್ಕೊಂಡು ಮಾತ್ರೆ ಬಿಟ್ರು ಕಣಮ್ಮ. ಹಂಗ್ಯಾಕೆ ಹೇಳ್ದೆ?” ಎಂದಳು. ನಾನು ಏನೂ ಹೇಳಲಿಲ್ಲ, ನನಗೆ ಫೋನ್ ಮಾಡುವುದೇ ಸರಿಯಾಗಿ ಬರುವುದಿಲ್ಲ ಎಂದೆ. ಅವಳು ಗಂಡನ ಫೋನನ್ನು ಯಾಮಿನಿಯ ಕೈಗೆ ಕೊಟ್ಟಳು. ಕರೆ ಅದರಲ್ಲಿ ರೆಕಾರ್ಡಾಗಿ ಉಳಿದಿತ್ತು. ಯಾಮಿನಿ ಹಾಕಿದಳು.

ಅದು ನಾನೇ ಮಹತಿ. ನಾನು ಅಣ್ಣಾ ಎಂದು ಕರೆಯುವಾಗ ಎಳೆಯುತ್ತೇನಲ್ಲ, ಹಾಗೇ ಎಳೆದಿದೆ. ನಾನೇ ಆಗಿದ್ದರೂ ಮೋಸಹೋಗುತ್ತಿದ್ದೆ.

ಇದು ಏನು? ಇಷ್ಟೇ ನಾನು ಕೇಳುವುದು.

ಅಮ್ಮಾಜಮ್ಮ


ಎಡಿನ್‌ಬರೋ
8 ಅಕ್ಟೋಬರ್ 2024

ಮಾನ್ಯ ಅಮ್ಮಾಜಮ್ಮನವರಿಗೆ,

ತಮ್ಮ ಪತ್ರ ತಲುಪಿದೆ. ತಾವು ತಿಳಿಸಿರುವ ವಿಷಯವನ್ನು ಕಂಪನಿಯಲ್ಲಿ ಸಂಬಂಧಪಟ್ಟವರ ಗಮನಕ್ಕೆ ತರಲಾಗಿದೆ. ಪರಿಶೀಲನೆ ಮುಗಿಯುವವರೆಗೆ ಹೆಚ್ಚಿನ ವಿವರ ನೀಡಲು ಸಾಧ್ಯವಾಗುವುದಿಲ್ಲ. ಶ್ರೀ ವೆಂಕಟರಾಮಪ್ಪನವರ ಫೋನಿನಲ್ಲಿರುವ ಕರೆಯನ್ನು ದಯವಿಟ್ಟು ಅಳಿಸದೆ ಇಟ್ಟುಕೊಳ್ಳಲು ತಿಳಿಸಿ.

ಇಂತಿ,
ಮಹತಿ


ಮಂಚೇನಹಳ್ಳಿ
5 ನವೆಂಬರ್ 2024

ಮಹತಿಗೆ,

ನೀನು ನನ್ನನ್ನು ತಾವು ಎಂದಿದ್ದೀಯ. ಆ ಕಾಗದವನ್ನು ನೀನು ಬರೆದೆಯೋ ನಿಮ್ಮ ಯಂತ್ರ ಬರೆಯಿತೋ ಎಂದು ಯಾಮಿನಿಯನ್ನು ಕೇಳಿದೆ. ಅಕ್ಷರ ಅವಳದೇ ಅತ್ತೆ ಎಂದಳು.

ದೊಡ್ಡ ಕಂಪನಿ, ದೂರದ ದೇಶ, ನಿನಗೂ ನಿನ್ನ ಕಷ್ಟ ಇರುತ್ತದೆ. ಕೆಲಸ ಹೋಗುವುದಾದರೆ ನನಗೋಸ್ಕರ ಕಳೆದುಕೊಳ್ಳಬೇಡ. ಆದರೆ ಬರೆಯಲು ಆಗದಿದ್ದರೆ ಬರೆಯದೇ ಇರು. ಅಂಥ ಕಾಗದ ಮಾತ್ರ ಬೇಡ.

ಇಲ್ಲಿ ಎಲ್ಲ ಚೆನ್ನಾಗಿದೆ. ರಾಗಿ ಕೊಯ್ಲು ನಡೆಯುತ್ತಿದೆ.

ಅಮ್ಮಾಜಮ್ಮ


ಎಡಿನ್‌ಬರೋ
26 ಜನವರಿ 2025

ಪ್ರೀತಿಯ ಮಿಸ್,

ಎಲ್ಲ ಚೆನ್ನಾಗಿದೆ ಎಂದು ಬರೆದಿದ್ದಿರಿ. ಯಾಮಿನಿ ನನಗೆ ಬೇರೆ ಮಾತು ಹೇಳಿದಳು. ಆ ಕರೆ ಕೇಳಿದ ದಿನದಿಂದ ನೀವು ಬೀದಿಗೆ ಬರುತ್ತಿಲ್ಲವಂತೆ. ಮನೆಯವರ ಹತ್ತಿರವೂ ಕೈಸನ್ನೆಯಲ್ಲೇ ಮಾತಂತೆ. ಹಾಲಿನವನು ಕೂಗಿದರೆ ಓಗೊಡದೆ ಪಾತ್ರೆ ಇಟ್ಟು ಒಳಗೆ ಹೋಗುತ್ತೀರಂತೆ.

ನಾನೂ ನಿಮಗೆ ಹೇಳಲಿಲ್ಲ. ಈಗ ಹೇಳುತ್ತೇನೆ. ನಿಮ್ಮ ಕಾಗದ ಬಂದ ದಿನವೇ ವಿಚಾರಿಸಿದೆ. ಹೊಸ ವಿಭಾಗದವರು ನಮ್ಮ ಬಳಿ ಇದ್ದ ದನಿಗಳನ್ನೆಲ್ಲ ಕೇಳಿದವರಿಗೆ ಬಾಡಿಗೆಗೆ ಕೊಡಲು ಶುರುಮಾಡಿದ್ದರು. ಪುಡಿ ಮಾರುವವರು, ನಾವೂ ಆರೋಗ್ಯದವರೇ ಎಂದು ನಿಮ್ಮ ದನಿಯನ್ನು ತೆಗೆದುಕೊಂಡಿದ್ದರು. ಯಾರೂ ನಿಮ್ಮನ್ನು ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ನಾನಿದ್ದೇನಲ್ಲ ಎಂದು ಬರೆದವಳು ನಾನು, ನನಗೆ ಗೊತ್ತೇ ಇರಲಿಲ್ಲ. ನಾನು ಜೋರು ಮಾಡಿದ್ದಕ್ಕೆ ನನ್ನನ್ನು ಆ ಕೆಲಸದಿಂದ ತೆಗೆದು ಬೇರೆ ಕಡೆ ಹಾಕಿದರು. ನಿಮಗೆ ಬರೆಯುವುದಾದರೆ ವಕೀಲರು ಹೇಳಿದಷ್ಟನ್ನೇ ಬರೆಯಬೇಕು ಎಂದರು. ಅಕ್ಟೋಬರಿನ ಕಾಗದ ಅದು. ಕರೆಯನ್ನು ಅಳಿಸಬೇಡಿ ಎಂಬ ಒಂದು ಸಾಲನ್ನು ಮಾತ್ರ ನಾನು ಹಟಮಾಡಿ ಸೇರಿಸಿದೆ.

ಆಮೇಲೆ ತಿಳಿಯಿತು, ನಿಮ್ಮೊಬ್ಬರದೇ ಅಲ್ಲ. ಕೀನ್ಯಾ ದೇಶದಲ್ಲಿ ವಂಜಿಕು ಎಂಬ ಸೂಲಗಿತ್ತಿಯೊಬ್ಬರಿದ್ದಾರೆ. ಅವರ ದನಿಯಲ್ಲಿ ಜೂಜಿನ ಜಾಹೀರಾತು ಬಂದಿದೆ. ಅವರ ಊರಿನ ಚರ್ಚಿನಲ್ಲಿ ಅವರನ್ನು ಎಬ್ಬಿಸಿ ನಿಲ್ಲಿಸಿ ಕೇಳಿದರಂತೆ. ನಾನು ಅವರ ಮಾತನ್ನೂ ಯಾಮಿನಿ ಕಳಿಸಿದ ವೆಂಕಟರಾಮಪ್ಪ ಮಾವನ ಫೋನಿನ ಕರೆಯನ್ನೂ ತೆಗೆದುಕೊಂಡು ಹೋಗಿ ಕಂಪನಿಯ ಎಲ್ಲರೂ ಸೇರಿದ್ದ ಸಭೆಯಲ್ಲಿ ಕೇಳಿಸಿದೆ. ಮೊದಲು ಇಬ್ಬರು, ಆಮೇಲೆ ನನ್ನ ಹಳೆಯ ವಿಭಾಗದ ಎಲ್ಲರೂ, ಇದನ್ನು ಸರಿಮಾಡದೆ ಕೆಲಸ ಮುಂದುವರಿಸುವುದಿಲ್ಲ ಎಂದು ಎದ್ದು ನಿಂತರು. ಆ ಐರ್ಲೆಂಡಿನವನೇ ಮೊದಲು ಎದ್ದವನು.

ನಿಮ್ಮ ದನಿಯನ್ನು ವಾಪಸು ತರಿಸಿದ್ದೇವೆ. ಈಗ ಎಲ್ಲಿಯೂ ಅದು ಮಾತಾಡುತ್ತಿಲ್ಲ. ಅದನ್ನು ಪೂರ್ತಿ ಅಳಿಸಿ ಎಂದು ನೀವು ಹೇಳಿದರೆ ಅಳಿಸಿಬಿಡುತ್ತೇವೆ, ಯಾರೂ ಯಾಕೆ ಎಂದು ಕೇಳುವುದಿಲ್ಲ. ಇನ್ನೊಂದು ದಾರಿಯೂ ಇದೆ. ಗೆಳೆಯರೆಲ್ಲ ಸೇರಿ ಒಂದು ಬೀಗ ಮಾಡಿದ್ದೇವೆ. ದನಿ ಕೊಟ್ಟ ಹೆಂಗಸರದೇ ಒಂದು ಸಂಘ ಇರುತ್ತದೆ. ಆ ಸಂಘ ಒಪ್ಪದ ಕೆಲಸಕ್ಕೆ ದನಿ ಬಾಯಿಯನ್ನೇ ತೆರೆಯುವುದಿಲ್ಲ. ಅದು ಹೇಳಿದ ಪ್ರತಿ ಮಾತನ್ನೂ ನೀವು ಬೇಕೆಂದಾಗ ಕೇಳಬಹುದು. ಕಿವಿಗೆ ಕೇಳಿಸದ ಒಂದು ಗುರುತನ್ನು ದನಿಯೊಳಗೇ ಇಟ್ಟಿದ್ದೇವೆ, ಕದ್ದರೆ ಸಿಕ್ಕಿಬೀಳುತ್ತಾರೆ. ಕಂಪನಿ ಇನ್ನೂ ಇದಕ್ಕೆ ಒಪ್ಪಿಲ್ಲ. ಒಪ್ಪಿಸಲು ನೋಡುತ್ತಿದ್ದೇವೆ.

ಯಾವುದು ಬೇಕೋ ನೀವೇ ಹೇಳಬೇಕು. ಈ ಸಲ ನಾನು ಚಿಂತೆ ಬಿಡಿ ಎನ್ನುವುದಿಲ್ಲ.

ಮಹತಿ


ಮಂಚೇನಹಳ್ಳಿ
30 ಮಾರ್ಚ್ 2025, ಯುಗಾದಿ

ಚಿ. ಮಹತಿಗೆ ಅಮ್ಮಾಜಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಮೇಲೆ ಕೋಪ ಮಾಡಿಕೊಂಡಿದ್ದೆ. ಅದು ಹೋಯಿತು. ಕಾಗದ ತಡವಾದದ್ದು ಕೋಪಕ್ಕಲ್ಲ, ಅಳಿಸು ಎಂದು ಬರೆದು ಹರಿದೆ, ಬೇಡ ಎಂದು ಬರೆದು ಅದನ್ನೂ ಹರಿದೆ.

ಕೊನೆಗೆ, ಪೆಟ್ಟು ತಿಂದವರು ಅವರು, ಅವರನ್ನೇ ಕೇಳೋಣ ಎಂದು ವೆಂಕಟರಾಮಪ್ಪಣ್ಣನ ಮನೆಗೆ ಹೋದೆ. ಅಷ್ಟು ತಿಂಗಳಾದ ಮೇಲೆ ಆ ಬೀದಿಯನ್ನು ದಾಟಿದ್ದು. ಅವರು ಜಗಲಿಯ ಮೇಲೆ ಕಾಲು ಚಾಚಿಕೊಂಡು ಕೂತಿದ್ದರು. ನಾನು ಹೋಗಿ ಕೂತೆ. ನನ್ನ ಬಾಯಿಂದ ದನಿ ಹೊರಟರೆ ಅವರಿಗೆ ಆ ಫೋನೇ ನೆನಪಾಗುತ್ತದಲ್ಲ ಎಂದು ಹೆದರಿದೆ.

ಅವರೇ ಶುರುಮಾಡಿದರು. “ನೀನು ಹೇಳ್ದೋಳಲ್ಲ ಅಂತ ನಂಗೆ ಗೊತ್ತಾಯ್ತು ಕಣಮ್ಮ. ಯಾಮಿನಿ ಎಲ್ಲಾ ಬಿಡಿಸಿ ಹೇಳಿದ್ಲು.”

ಆಗ ನಾನು ನಿನ್ನ ಕಾಗದದ ವಿಷಯ ಹೇಳಿದೆ. ಅಳಿಸಿಬಿಡೋಣ ಅನ್ನಿಸುತ್ತದೆ ಅಣ್ಣ, ನೀನೇನು ಹೇಳುತ್ತೀಯ ಎಂದು ಕೇಳಿದೆ. ಚಿಕ್ಕವೆಂಕಟಮ್ಮ ಒಳಗಿನಿಂದ ಬಂದು ಕಂಬಕ್ಕೆ ಒರಗಿ ನಿಂತಳು.

“ಅಳಿಸ್ಬೇಡ,” ಎಂದರು ವೆಂಕಟರಾಮಪ್ಪಣ್ಣ. “ಅಳಿಸಿಬಿಟ್ರೆ, ಆ ದನಿ ಕಡೆಯದಾಗಿ ಹೇಳಿದ್ದು ಮಾತ್ರೆ ಬಿಡು ಅಂತ. ಅದೇ ನನ್ ಕಿವೀಲಿ ಉಳ್ಕೊಂತದೆ. ಇನ್ನೊಂದ್ಸಲ ಮಾತಾಡ್ಸು. ಮಾತ್ರೆ ನುಂಗು ಅಂತ ಹೇಳ್ಸು.”

ಚಿಕ್ಕವೆಂಕಟಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ನಾನೂ ಅತ್ತೆ. ಆಮೇಲೆ ಅವಳೇ ಕಾಫಿ ತಂದು ಕೊಟ್ಟಳು.

ಆದ್ದರಿಂದ ಅಳಿಸಬೇಡ. ಆದರೆ ನನ್ನ ಮಾತಿನ ಪ್ರಕಾರ ನಡೆಯಬೇಕು. ಆ ದನಿ ಏನನ್ನೂ ಮಾರಬಾರದು, ಒಳ್ಳೆಯ ಸಾಮಾನಾದರೂ ಸರಿ. ಫೋನ್ ಎತ್ತಿದ ಕೂಡಲೇ ಇದು ಯಂತ್ರ ಎಂದು ಹೇಳಿಕೊಳ್ಳಬೇಕು. ಡಾಕ್ಟರು ಓದಿ ಒಪ್ಪಿದ್ದನ್ನೇ ಹೇಳಬೇಕು. ಗೊತ್ತಿಲ್ಲದ್ದನ್ನು ಕೇಳಿದರೆ ಗೊತ್ತಿಲ್ಲ ಎನ್ನಬೇಕು, ಹತ್ತಿರದ ನರ್ಸಮ್ಮನ ಹತ್ತಿರ ಕಳಿಸಬೇಕು. ನಾನು ಸತ್ತ ಮೇಲೆ ಏನು ಮಾಡಬೇಕು ಎಂಬುದನ್ನು ಸಂಘದವರು ಹೇಳುತ್ತಾರೆ.

ಸಂಘ ಆಗಿದೆ. ನೀನು ಬರೆದ ಮೇಲೆ ಚಿಕ್ಕಬಳ್ಳಾಪುರದ ಕೋಣೆಯ ಆ ಹುಡುಗನನ್ನು ಹಿಡಿದು, ಇನ್ನು ಯಾರು ಯಾರ ದನಿ ತೆಗೆದುಕೊಂಡಿದ್ದೀಯಪ್ಪ ಎಂದು ಕೇಳಿದೆ. ಶಿಡ್ಲಘಟ್ಟದ ಅನಸೂಯಮ್ಮ ಸಿಕ್ಕರು, ರೇಷ್ಮೆ ನೂಲು ತೆಗೆಯುವವರು, ನನಗಿಂತ ಜೋರು. ಮುರುಗಮಲ್ಲದಿಂದ ಜೈನಬಿ ಬಂದರು, ಅವರದು ಉರ್ದು ದನಿ. ಯಾಮಿನಿ ಬರೆದುಕೊಳ್ಳುವವಳು. ನಮ್ಮ ಮನೆಯ ಹಜಾರದಲ್ಲಿ ಕೂತು ಸಂಜೆಯವರೆಗೆ ವಾದ ಮಾಡಿದೆವು. ಅಷ್ಟು ಮಾತಾಡಿ ನನ್ನ ಗಂಟಲು ಮಾರನೆಯ ದಿನ ಕೂತೇಹೋಗಿತ್ತು.

ಕೀನ್ಯಾದ ಆ ಸೂಲಗಿತ್ತಿಗೆ ನಮ್ಮ ನಮಸ್ಕಾರ ತಿಳಿಸು. ಅವರ ಊರಿನವರು ಈಗ ಅವರನ್ನು ಮಾತಾಡಿಸುತ್ತಾರೆಯೇ?

ಅಮ್ಮಾಜಮ್ಮ


ಎಡಿನ್‌ಬರೋ
17 ಜುಲೈ 2025

ಪ್ರೀತಿಯ ಮಿಸ್,

ವಂಜಿಕು ಅವರಿಗೆ ನಿಮ್ಮ ಕಾಗದವನ್ನು ಇಂಗ್ಲಿಷಿಗೆ ಮಾಡಿ ಕಳಿಸಿದೆ. ಅವರ ಮಗಳು ಓದಿ ಹೇಳಿದಳಂತೆ. ವೆಂಕಟರಾಮಪ್ಪ ಮಾವನ ಮಾತು ಬಂದಾಗ ನಿಲ್ಲಿಸಿ ಮತ್ತೆ ಓದಿಸಿದರಂತೆ. ಊರಿನವರು ಮಾತಾಡಿಸುತ್ತಿದ್ದಾರೆ. ಅವರೂ ಸಂಘ ಮಾಡುತ್ತಿದ್ದಾರೆ. ನಿಮ್ಮ ಷರತ್ತುಗಳನ್ನೇ ಇಟ್ಟುಕೊಂಡು ಒಂದನ್ನು ಸೇರಿಸಿದ್ದಾರೆ: ದನಿ ಯಾರನ್ನೂ ಅವಸರ ಮಾಡಬಾರದು. ಬಹಳ ಚೆನ್ನಾಗಿದೆ ಅನಿಸಿ ನಿಮ್ಮದಕ್ಕೂ ಸೇರಿಸಲೇ ಎಂದು ಕೇಳುತ್ತಿದ್ದೇನೆ.

ಕಂಪನಿ ಅರ್ಧ ಒಪ್ಪಿತು. ಹಳೆಯ ದನಿಗಳನ್ನೆಲ್ಲ ಬಾಡಿಗೆಯಿಂದ ಹಿಂದಕ್ಕೆ ತೆಗೆದುಕೊಂಡರು, ನಿಮ್ಮ ಸಂಘಕ್ಕೆ ನಿಮ್ಮ ದನಿಯನ್ನು ಬಿಟ್ಟುಕೊಟ್ಟರು. ಬೀಗವನ್ನು ಮಾತ್ರ ತಮ್ಮ ಎಲ್ಲ ಕೆಲಸಕ್ಕೂ ಹಾಕಲು ಒಪ್ಪಲಿಲ್ಲ. ಪುಡಿ ಮಾರಿದವರ ಮೇಲೆ ದೂರು ಕೊಟ್ಟಿದ್ದೇವೆ. ಅವರು ಯಾವ ದೇಶದಲ್ಲಿದ್ದಾರೆ ಎಂಬುದೇ ಇನ್ನೂ ಸರಿಯಾಗಿ ಗೊತ್ತಾಗಿಲ್ಲ. ಗೆದ್ದೆವು ಎಂದು ನಿಮಗೆ ಸುಳ್ಳು ಹೇಳಲಾರೆ.

ನಾನು ಅಲ್ಲಿಂದ ಹೊರಗೆ ಬಂದೆ. ಯಾರೂ ಕಳಿಸಲಿಲ್ಲ, ನಾನೇ ಬಂದೆ, ನಾಲ್ವರು ಗೆಳೆಯರೂ ಬಂದರು. ಇಲ್ಲಿನ ವಿಶ್ವವಿದ್ಯಾಲಯದವರು ಒಂದು ಸಣ್ಣ ಜಾಗ ಕೊಟ್ಟಿದ್ದಾರೆ. ಬೀಗ ಮಾಡುವ ವಿಧಾನವನ್ನು ಯಾರು ಬೇಕಾದರೂ ಬಳಸಲಿ ಎಂದು ಎಲ್ಲರಿಗೂ ಕೊಟ್ಟುಬಿಟ್ಟೆವು. ಬೊಲಿವಿಯಾದಿಂದ ಒಬ್ಬರು ಬರೆದಿದ್ದಾರೆ, ಫಿಲಿಪ್ಪೀನ್ಸಿನಿಂದ ಬೆಸ್ತರ ಸಂಘವೊಂದು ಬರೆದಿದೆ. ಎಲ್ಲರೂ ಕೇಳುವ ಮೊದಲ ಪ್ರಶ್ನೆ ನೀವು ಅಂದು ಕೇಳಿದ್ದೇ, ದನಿ ಏನು ಹೇಳುತ್ತಿದೆ ಎಂದು ನಮಗೆ ಗೊತ್ತಾಗುವುದು ಹೇಗೆ ಎಂದು. ಆಗ ನಾನು ಉತ್ತರ ಹೇಳದೆ ಜಾರಿಕೊಂಡಿದ್ದೆ. ಈಗ ಮೊದಲು ಅದಕ್ಕೇ ಉತ್ತರ ಹೇಳುತ್ತೇವೆ.

ಮುಂದಿನ ತಿಂಗಳಿನಿಂದ ನಾವೇ ನಡೆಸುವ ನಿಮ್ಮ ಸಂಘದ ಸಹಾಯವಾಣಿ ಶುರು. ಮೊದಲ ಕರೆ ಯಾರಿಗೆ ಹೋಗಬೇಕು ಎಂದು ನೀವೇ ತೀರ್ಮಾನಿಸಿ. ನನಗೆ ಗೊತ್ತು ಅಂದುಕೊಂಡಿದ್ದೇನೆ.

ಮಹತಿ


ಮಂಚೇನಹಳ್ಳಿ
23 ನವೆಂಬರ್ 2025

ಚಿ. ಮಹತಿಗೆ ಅಮ್ಮಾಜಮ್ಮ ಮಾಡುವ ಆಶೀರ್ವಾದಗಳು.

ಅವಸರ ಮಾಡಬಾರದು ಎಂಬುದನ್ನು ಸೇರಿಸು. ಅನಸೂಯಮ್ಮ ಮೊದಲು ಒಪ್ಪಲಿಲ್ಲ, ಕೆಲವರನ್ನು ಅವಸರ ಮಾಡಲೇಬೇಕು ಎಂದರು. ಜೈನಬಿ ಅವರನ್ನು ಒಪ್ಪಿಸಿದರು.

ಮೊದಲ ಕರೆ ವೆಂಕಟರಾಮಪ್ಪಣ್ಣನಿಗೇ ಹೋಯಿತು. ನಾನು ಪಕ್ಕದಲ್ಲೇ ಕೂತಿದ್ದೆ. ದನಿ ಮೊದಲು ತಾನು ಯಂತ್ರ ಎಂದಿತು, ಆಮೇಲೆ ಮಾತ್ರೆ ನುಂಗಿದ್ದೀರಾ ಎಂದು ಕೇಳಿತು. ಅವರು ಬೇಕೆಂದೇ ಆ ಪುಡಿಯ ಹೆಸರು ಹೇಳಿ, ಅದನ್ನು ತಗೊಳ್ಳಲಾ ಎಂದರು. ಬೇಡ, ಡಾಕ್ಟರು ಕೊಟ್ಟಿದ್ದನ್ನು ಬಿಡಬೇಡಿ ಎಂದಿತು. ಅವರು ತೆಲುಗಿನಲ್ಲಿ ತಿರುಗಿಸಿ ಕೇಳಿದರು. ಅದಕ್ಕೂ ಅದೇ ಉತ್ತರ. ಫೋನ್ ಕೆಳಗಿಟ್ಟು ಸುಮ್ಮನೆ ನಕ್ಕರು. ಈಗ ಕೋಲು ಹಿಡಿದು ಹೊಲದವರೆಗೂ ನಡೆದುಹೋಗುತ್ತಾರೆ.

ಪ್ರತಿ ಭಾನುವಾರ ನಾವು ಹೆಂಗಸರು ಕೂತು, ಆ ವಾರ ದನಿ ಏನೇನು ಹೇಳಿತು ಎಂದು ಒಂದಿಷ್ಟು ಕೇಳಿಸಿಕೊಳ್ಳುತ್ತೇವೆ. ಕರೆ ಮಾಡಿದವರ ಹೆಸರು ನಮಗೆ ತಿಳಿಯುವುದಿಲ್ಲ, ಹಾಗೇ ಇರಲಿ ಎಂದಿದ್ದೇವೆ. ಒಂದೊಂದು ಸಲ ಅದು ಪೆದ್ದುಪೆದ್ದಾಗಿ ಮಾತಾಡುತ್ತದೆ. ಯಾಮಿನಿ ನಿನಗೆ ಬರೆದು ಕಳಿಸುತ್ತಾಳೆ.

ಈ ಕಾಗದ ಬರೆಯಲು ಕಾರಣ ಬೇರೆ. ಮೊನ್ನೆ ಮಧ್ಯಾಹ್ನ ಒಂದು ಹುಡುಗಿ ಕೈಗೂಸನ್ನು ಎತ್ತಿಕೊಂಡು ತಾಯಿಯ ಜೊತೆ ನಮ್ಮ ಬಾಗಿಲಿಗೆ ಬಂತು. ಮಾಲಾ ಎಂದು ಹೆಸರು, ಚಿಂತಾಮಣಿಯ ಆಚೆಯ ಹಳ್ಳಿ. ಫೋನಿನ ದನಿ ಯಾರದೆಂದು ಅಲ್ಲಿನ ನರ್ಸಮ್ಮನಿಂದ ತಿಳಿದುಕೊಂಡು ಎರಡು ಬಸ್ಸು ಬದಲಾಯಿಸಿ ಬಂದಿದ್ದರು. ತುಂಬು ಬಸುರಿಯಾಗಿದ್ದಾಗ ಅವಳಿಗೆ ವಿಪರೀತ ತಲೆನೋವು, ಕೈ ಮುಖ ಊದಿಕೊಂಡಿತ್ತಂತೆ. ಬಿಸಿಲಿಗೆ ಹಾಗಾಗಿದೆ ಮಲಗು ಎಂದು ಮನೆಯವರು ಹೇಳಿದರಂತೆ. ಅವಳು ಫೋನ್ ಮಾಡಿ ಕೇಳಿದ್ದಾಳೆ. ಇದು ಮನೆಯಲ್ಲಿ ಕೂರುವ ತಲೆನೋವಲ್ಲ, ಇವತ್ತೇ ಆಸ್ಪತ್ರೆಗೆ ಹೋಗಮ್ಮ ಎಂದು ದನಿ ಹೇಳಿತಂತೆ. ಆ ಫೋನನ್ನೇ ಅತ್ತೆಯ ಕಿವಿಗೆ ಹಿಡಿದಳಂತೆ. ಅತ್ತೆ ಕೇಳಿ ಆಟೋ ಕರೆಸಿದಳು. ರಕ್ತದೊತ್ತಡ ಎಷ್ಟು ಏರಿತ್ತೆಂದರೆ ಇನ್ನು ಸ್ವಲ್ಪ ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರಂತೆ.

ಇಷ್ಟನ್ನೂ ಅವಳ ತಾಯಿ ಹೇಳಿದಳು. ಹುಡುಗಿ ಸುಮ್ಮನೆ ನನ್ನ ಬಾಯಿಯನ್ನೇ ನೋಡುತ್ತಾ ಹೊಸ್ತಿಲ ಆಚೆ ನಿಂತಿತ್ತು. ನಾನು ಇನ್ನೂ ಒಂದು ಮಾತನ್ನೂ ಆಡಿರಲಿಲ್ಲ. ಕೊನೆಗೆ ಕೇಳಿತು. “ಅವತ್ತು ಫೋನಲ್ಲಿ ಮಾತಾಡಿದ್ದು ನೀವೇನಾ?”

“ಅಲ್ಲ ಕಣಮ್ಮ, ಅದು ಯಂತ್ರ,” ಎಂದೆ. “ನಾನು ಇಲ್ಲಿದೀನಿ. ಬಾ, ಒಳಗೆ ಬಾ.”

ನನ್ನ ದನಿ ಕಿವಿಗೆ ಬಿದ್ದದ್ದೇ ತಡ ಹುಡುಗಿ ಅಳಲು ಶುರುಮಾಡಿತು. ಕೂಸನ್ನು ನನ್ನ ಕೈಗೆ ಕೊಟ್ಟು ಅಲ್ಲೇ ಕೂತುಕೊಂಡಿತು. ಹೆಣ್ಣು ಮಗು. ಇನ್ನೂ ಹೆಸರಿಟ್ಟಿಲ್ಲ. ಕೆಳಗೆ ಇಳಿಸಲು ಹೋದರೆ ನನ್ನ ಬೆರಳನ್ನು ಬಿಡಲೇ ಇಲ್ಲ.

ಅಮ್ಮಾಜಮ್ಮ